ಯಾದಿಯೊಳಗ ಇಲ್ಲದ್ದು

ಚಿತ್ತಾಪುರದಿಂದ ಸಾಹೇಬ್ರು ಬಂದಿದ್ರು.
ಚಹಾ ಬ್ಯಾಡ ಅಂದ್ರು, ನೀರು ಕುಡದ್ರು,
ಯಾದಿ ತೆಗದ್ರು.

ತಕ್ಕಡಿ ಒಂದು. ತೂಕದ ಕಲ್ಲು ನಾಕು.
ಐದನೇದು, ಐವತ್ತು ಗ್ರಾಮಿಂದು, ಎಲ್ಲದ ಬಾಯಿ?
ಇಲಿ ಒಯ್ತು ಅಂತ ಬರಕೋರಿ ಸಾಹೇಬ್ರ.
ಅವರು ‘ಕಾಣೆ’ ಅಂತ ಬರಕೊಂಡ್ರು.

ತಾರೀಖಿನ ಮುದ್ರಿ ಒಂದು.
ಎಂಟರ ಅಂಕಿ ಎಡಕ್ಕ ಸವದು ಮೂರಾಗಿತ್ತು.
ಹಿಂಗಾಗಿ ನಮ್ಮೂರಾಗ ತಿಂಗಳಿಗಿ ಎರಡು ಸಲ
ಮೂರನೇ ತಾರೀಖು ಬರ್ತಿತ್ತು,
ಯಾರೂ ತಕರಾರು ಮಾಡಿರಲಿಲ್ಲ.

ಕೆಂಪು ಡಬ್ಬಿ ಒಂದು.
ಕೀಲಿ ತುಕ್ಕು ಹಿಡದಿತ್ತು, ಸುತ್ತಿಗಿಲೆ ಬಡದು ತೆಗದ್ರು.
ಒಳಗ ಫರ್ಸಿ ಧೂಳು, ಕಣಜದ ಗೂಡು,
ವಿಳಾಸ ಇಲ್ಲದ ಒಂದು ಕಾರ್ಡು.
ಅಕ್ಷರ ನೋಡೇ ನನಗ ತಿಳೀತು ಯಾರು ಬರದದ್ದು,
ಯಾರಿಗಿ ಬರದದ್ದು ಅನ್ನೂದೂ.
ಹೇಳಲಿಲ್ಲ.

ಖೋಲಿ ನಂದೇ. ಇಪ್ಪತ್ತಾರು ವರ್ಷ
ಸರಕಾರ ನನ್ನ ಮುಂದಿನ ಖೋಲ್ಯಾಗ ಕಿರಾಯಿಗಿ ಇತ್ತು.
ಗದ್ದಲ ಇಲ್ಲದ ಕಿರಾಯಿದಾರ,
ಕೊಡೂದು ಕಮ್ಮಿ, ಬಿಡೂದು ಜಲ್ದಿ.

‘ಪತ್ರ ಎಲ್ಲಿ ಬರ್ತಾವ ಬಾಯಿ ಈಗ?’
ಅರ್ಧ ಖರೇ.
ನಮ್ಮೂರಿಗಿ ಪತ್ರ ಬಂದದ್ದು ಯಾವಾಗ್ರಿ?
ಬರ್ತಿದ್ದದ್ದು ರೊಕ್ಕ. ಪುಣೆದಾಗ ಗಾರೆ ಕಲಸೂ ಹುಡುಗ
ಅವ್ವಗ ಕಳಸಿದ ಏಳುನೂರು,
ಕೆಳಗಿನ ಸಣ್ಣ ಜಾಗದಾಗ ಒಂದೇ ಸಾಲು:
ಹಲ್ಲು ತೋರಿಸ್ಕೋ.

ಆ ರೊಕ್ಕ ಕೊಡೂಕ ಹೆಬ್ಬಟ್ಟು ಬೇಕು.
ಖಣಿಯೊಳಗ ಫರ್ಸಿ ಎಬ್ಬಿಸಿ ಎಬ್ಬಿಸಿ
ಈ ಮಂದಿ ಬಟ್ಟಿನ ಗೆರಿ ಕಲ್ಲಿಗೇ ಹೋಗ್ಯಾವ.
ಹೊಸಾ ಮಶೀನು ಬಂದಾಗ ನಾಕು ಸಲ ಇಡಸ್ತಿದ್ದೆ,
ಎಣ್ಣಿ ಹಚ್ಚಿ, ಸೆರಗಿಗಿ ತಿಕ್ಕಿ. ಕೆಂಪು ದೀಪ.
ಆಮ್ಯಾಲ ಹಳೇ ದಫ್ತರ ಬಿಚ್ಚಿ, ಇಂಕಿನ ಪ್ಯಾಡು ಸರಸಿ
ಅಂತಿದ್ದೆ: ಮುಖದ ಗುರ್ತದ. ಒತ್ತು.

ಒತ್ತಿದ ಮ್ಯಾಲ ನೀಲಿ ಬಟ್ಟು ಎಲ್ಲಿ ಒರಸೂದು?
ಬಾಗಿಲಾ ಬಾಜೂಕ, ಗ್ವಾಡಿಗಿ.
ಬೈದೆ, ಅರಿವಿ ತುಂಡು ಇಟ್ಟೆ,
ಅರಿವಿ ಕಳುವಾಯ್ತು, ಬೈಯೂದೂ ಬಿಟ್ಟೆ.
ಎತ್ತರಕ್ಕ ಮಶಾಕ್‌ಸಾಬಂದು, ತೆಳಗ ತಾಂಡಾದ ಸೋನಿಬಾಯಿದು,
ಸತ್ತವರದು, ಇದ್ದವರದು, ಒಂದರ ಮ್ಯಾಲೊಂದು,
ನೇರಳಿ ಗಿಡದ ಬುಡದಾಗ ನೆಲ ಆಗ್ತದಲ್ಲ, ಹಂಗ.

ಸಾಹೇಬ್ರು ನೋಡಿ ಅಂದ್ರು,
‘ಸುಣ್ಣ ಹೊಡಸ್ರಿ ಬಾಯಿ, ಚಂದ ಕಾಣಲ್ಲ.’
ಯಾದಿಯೊಳಗ ಗ್ವಾಡಿ ಇರಲಿಲ್ಲ.
ಮೂರು ಕಾಪಿಗಿ ಸಹಿ ಮಾಡದೆ.

ಜೀಪು ಹೋದ ಮ್ಯಾಲ ನೆಪ್ಪಾತು
ಆ ಕಾರ್ಡು ನನ್ನ ಕೈಯಾಗೇ ಉಳದದ.

ಈಗ ಟಪಾಲು ಕಾಗಿಣಾ ಆಚಿಗಿ.
ಬಸ್ಸು ಮುಂಜಾನಿ ಒಂದು, ಸಂಜಿಗಿ ಒಂದು,
ನಡುವ ದಿನಗೂಲಿ ಹೋಗ್ತದ.
ಮ್ಯಾಲಿನ ತಿಂಗಳು ಸೋನಿಬಾಯಿ ಬರಿಗೈಲೆ ತಿರುಗಿ ಬಂದು
ನನ್ನ ಕಟ್ಟಿಗಿ ಕುಂತಳು.
‘ಆ ಮಶೀನು ನನಗ ನಾ ಅಲ್ಲ ಅಂತದ.’
ನೀರು ಕೊಟ್ಟೆ. ಕುಡೀಲಿಲ್ಲ.
ಎದ್ದು ಗ್ವಾಡಿ ಹಂತ್ಯಾಕ ಹೋಗಿ, ಕುಕ್ಕರಗಾಲಲೆ ಕುಂತು
ಒಂದೊಂದೇ ಮುಟ್ಟಿ ಮುಟ್ಟಿ ಹುಡಕಿದಳು.
‘ಇದು ನಂದು.’
ನಡುವ ಅಡ್ಡ ಗೆರಿ, ಕುಡಗೋಲು ಬಡದದ್ದು.

‘ಈ ಕಲ್ಲು ಎಬ್ಬಿಸಿ ಕೊಡ್ತೀ ಏನು,
ತಲಿಮ್ಯಾಲ ಒಯ್ದು ತೋರಿಸಿ ಬರ್ತೀನಿ?’

ಅಕಿ ನಕ್ಕಳು. ನಾನೂ ನಕ್ಕೆ.
ಅಕಿ ಹೋದ ಮ್ಯಾಲ ಲಾಟೀನು ಹಿಡದು
ಆ ಕಲ್ಲಿನ ಸಂದಿ ನೋಡದೆ.
ಗಚ್ಚು ಸಡ್ಲಾಗಿತ್ತು.