ಹನ್ನೆರಡು ಹೆಜ್ಜೆ

ಇದು ಕಾಮಕಸ್ತೂರಿಯಲ್ಲ ಮಾರಾಯ, ಚಿಯಾ.
ನೋಡಲಿಕ್ಕೆ ಅದರ ದಾಯಾದಿ, ಗುಣ ಬೇರೆ.
ಕಾಮಕಸ್ತೂರಿ ನೀರು ಕಂಡದ್ದೇ ತಡ
ಒಂದೊಂದು ಕಾಳೂ ತನ್ನಷ್ಟಕ್ಕೆ ಲಂಗ ಅರಳಿಸಿ ನಿಲ್ಲುತ್ತದೆ.
ಇದಕ್ಕೆ ಒಂದು ಇಡೀ ರಾತ್ರಿ ಬೇಕು,
ಹಿಡಿದುಕೊಳ್ಳಲಿಕ್ಕೆ ಪಕ್ಕದ ಕಾಳು ಬೇಕು.

ಎರಡು ಚಮಚ ಬೀಜ, ಒಂದು ಲೋಟ ಹಾಲು,
ಅದರಲ್ಲಿ ಅರ್ಧ ತೆಂಗಿನ ಹಾಲಾದರೆ ಇನ್ನೂ ಒಳ್ಳೆಯದು.
ಸಕ್ಕರೆ ಮುಟ್ಟಬೇಡ.
ನಾಲ್ಕು ಖಲಾಸ್ ಖರ್ಜೂರ, ಬೀಜ ತೆಗೆದು, ಅರೆದು.
ಕಲಕು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕು.
ಆ ಎರಡನೇ ಸಲದ್ದು ಮರೆತೆಯೋ,
ತಳದಲ್ಲಿ ಗೋಲಿಯಷ್ಟು ಗಂಟು.
ಬೆಳಿಗ್ಗೆ ಹಂಝಾಕ್ಕ ಅದನ್ನು ನೋಡುತ್ತಾರೆ,
ಆಮೇಲೆ ನಿನ್ನನ್ನು.

ಹಾರ್ನ್ ಒಂದೇ ಸಲ ಅಲ್ವಾ? ಅದು ಕರಕ್ ಚಹಾ.
ತಾಹಾ ಓಡುತ್ತಾನೆ. ನೀನು ಇಲ್ಲಿ ನೋಡು.

ಫ್ರಿಜ್ಜಿನ ಮೇಲಿನ ತಟ್ಟೆ ಇದರದ್ದು.
ಶವರ್ಮದ ಬೆಳ್ಳುಳ್ಳಿ ಪಕ್ಕದಲ್ಲಿಟ್ಟರೆ ಮುಗಿಯಿತು:
ಹಾಲಿಗೆ ಹಿತ್ತಾಳೆ ಕಿವಿ,
ನೆರೆಯವರು ಹೇಳಿದ್ದನ್ನೆಲ್ಲ ನಂಬಿ ಕೂರುತ್ತದೆ.
ಇನ್ನೊಂದು ಕಿವಿ ಉಂಟು, ಹಸಿರಿನದ್ದು, ಮೈಯೆಲ್ಲ ರೋಮ.
ಅದನ್ನು ಹಾಲಿಗೆ ತಾಗಿಸಬೇಡ, ಕಹಿ ಬರುತ್ತದೆ.
ಹೇಗೆ ಗೊತ್ತು ಅಂದರೆ,
ನನ್ನ ಮೊದಲ ವರ್ಷದ ಶಾಬಾನ್ ತಿಂಗಳ ಸಂಬಳದಲ್ಲಿ
ಒಂದು ಟ್ರೇ ಗ್ಲಾಸಿನ ದುಡ್ಡು ಇಲ್ಲ.

ಈಗ ಗ್ಲಾಸು ಹಿಡಿ. ಕೆಳಗೆ ಮಾವು.
ಒಮಾನಿನದ್ದು ಬರುವವರೆಗೆ ಡಬ್ಬಿಯದ್ದೇ ಗತಿ.
ಅದರ ಮೇಲೆ ಚಿಯಾ, ಚಮಚದ ಬೆನ್ನಿನ ಮೇಲಿಂದ,
ಮಲಗಿದ ಮಗುವಿಗೆ ಹೊದೆಸುವ ಹಾಗೆ.
ಗೋಡೆಗೆ ತಾಗಿದ್ದನ್ನು ಟಿಶ್ಯೂವಿನಿಂದ ಒರೆಸು.
ಇಪ್ಪತ್ತು ನಿಮಿಷ ಫ್ರಿಜ್ಜು.
ಮತ್ತೆ ಸ್ಟ್ರಾಬೆರಿ ಅರೆದದ್ದು, ಮತ್ತೆ ಚಿಯಾ,
ತುದಿಗೆ ಯೆಮನಿನ ದಾಳಿಂಬೆ, ಹತ್ತೇ ಕಾಳು.
ಎಣಿಸುತ್ತಾರೆ, ಹೌದು.

ಅಯ್ಯೋ ಮುಫೀದ್! ಮೇಲಿಂದ ಸುರಿದೆಯಲ್ಲ.
ಈಗ ನೋಡು, ಕೆಂಪು ಹಳದಿಯೊಳಗೆ ನುಗ್ಗಿ
ಒಟ್ಟಾರೆ ಇಟ್ಟಿಗೆಯ ಬಣ್ಣ.
ಇರಲಿ, ಚೆಲ್ಲಬೇಡ.
ಅಸರ್ ಆದ ಮೇಲೆ ಅಂಗಡಿ ಸ್ವಲ್ಪ ಖಾಲಿಯಾಗುತ್ತದೆ,
ಆಗ ತಿನ್ನು, ಕೌಂಟರಿನ ಕೆಳಗೆ ಕೂತು.
ರುಚಿ ಏನೂ ಬದಲಾಗುವುದಿಲ್ಲ.
ನನಗೆ ಇದೊಂದು ತಮಾಷೆ:
ಹದಿನಾರು ವರ್ಷ ಕಿಟಕಿಯ ಬಳಿ ನಿಂತಿದ್ದೇನೆ,
ಈ ಗ್ಲಾಸನ್ನು ಪದರ ಪದರವಾಗಿ ತಿಂದವರನ್ನು
ಒಬ್ಬರನ್ನೂ ನೋಡಲಿಲ್ಲ.
ಉಮ್ಮು ಸೈಫ್ ಬರುತ್ತಾರಲ್ಲ, ಗುರುವಾರ, ಬಿಳಿ ಪಟ್ರೋಲ್,
ಗಾಜು ಇಳಿಸಿ ತೆಗೆದುಕೊಂಡು
ಎತ್ತಿ ಒಮ್ಮೆ ಬೆಳಕಿಗೆ ಹಿಡಿಯುತ್ತಾರೆ,
ಮಾಶಾ ಅಲ್ಲಾ ಅನ್ನುತ್ತಾರೆ,
ಆಮೇಲೆ ಚಮಚವನ್ನು ತಳದವರೆಗೆ ಇಳಿಸಿ
ಗರಗರ ಕಲಸಿಬಿಡುತ್ತಾರೆ.

ಹಾಗಾದರೆ ಯಾಕೆ ಅಂತ ಕೇಳುತ್ತೀ.
ನಾನೂ ಕೇಳಿದ್ದೆ. ಯಾರೂ ಹೇಳಲಿಲ್ಲ.
ಒಂದು ದಿನ ಅಳೆದೆ ಅಷ್ಟೆ:
ಈ ಕೌಂಟರಿನಿಂದ ಕಾರಿನ ಬಾಗಿಲಿಗೆ ಹನ್ನೆರಡು ಹೆಜ್ಜೆ,
ಜುಲೈ ಮಧ್ಯಾಹ್ನ, ಅಜ್ಮಾನಿನ ಬಿಸಿಲು,
ಚಪ್ಪಲಿಯಡಿ ಡಾಂಬರು ಮೆತ್ತಗೆ.
ಅಷ್ಟು ದೂರ ಒಂದರೊಳಗೊಂದು ಬೀಳದೆ ನಿಂತರೆ ಸಾಕು.
ಅದಕ್ಕಿಂತ ಹೆಚ್ಚು ಅದರಿಂದ ಯಾರೂ ಕೇಳುವುದಿಲ್ಲ.

ನಾನು? ಇಲ್ಲಪ್ಪ, ನನಗೆ ಶುಗರ್.
ಮಾಡಲಿಕ್ಕೆ ಬರುತ್ತದೆ, ರುಚಿ ಬೇರೆಯವರು ಹೇಳಬೇಕು.
ಸಂಜೆ ನೀನು ತಿಂದು ಹೇಳು,
ಖರ್ಜೂರ ಹೆಚ್ಚಾಯಿತಾ ಅಂತ.

ಎರಡು ಹಾರ್ನ್. ಇವತ್ತು ಗುರುವಾರ ಅಲ್ವಾ?
ಆ ಎಡಗಡೆಯದ್ದು ತೆಗೆ, ನಾನು ಮಾಡಿದ್ದು.
ಅಡಿಗೆ ಕೈ ಕೊಡು, ಕತ್ತಿಗಲ್ಲ. ಅಲುಗಾಡಿಸಬೇಡ.
ಓಡಬೇಡ ಅಂದೆ, ನಿಧಾನವೂ ಬೇಡ,
ಹಾಗೆಯೇ, ಹಾಗೆಯೇ...

ಮುಫೀದ್!
ಚಮಚ!