ನಾಲ್ಕು ಬಿಲ್ಲು, ಒಂದೇ ಬಾಣ

ಗುಳೇದಗುಡ್ಡದ ನಮ್ಮ ಓಣಿಯಲ್ಲಿ
ಮಗ್ಗ ಮಾಡುವ ಕಾಳಪ್ಪ ಬಡಿಗೇರ
ಈ ಸಲ ಬಿಲ್ಲು ಮಾಡಿದ. ಒಂದಲ್ಲ, ನಾಲ್ಕು.
ಖಾನಾಪುರದ ಕಡೆಯ ತಡಸಲು, ಒಂದೇ ದಿಮ್ಮಿ ಸೀಳಿದ್ದು,
ಎರಡು ಬೇಸಿಗೆ ಅಟ್ಟದ ಮೇಲೆ ಒಣಗಿದ್ದು.
"ರೂಪ ಬ್ಯಾರೆ ಇರಲಿ, ತಾಯಿ ಒಬ್ಬಾಕೆನ ಇರಲಿ.
ಇಲ್ಲಂದ್ರ ಯಾವುದು ಚಲೋ ಅಂತ ಹ್ಯಾಂಗ ತಿಳೀತದ?"

ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ.

ಮೊದಲನೆಯದು ಅಗಲ, ತೆಳುವು, ಶಾಲೆಯ ಅಳತೆಪಟ್ಟಿ.
ಎರಡನೆಯದು ಸಪೂರ, ಹೊಟ್ಟೆ ಗುಂಡಗೆ, ಒನಕೆಯ ತಂಗಿ.
ಮೂರನೆಯದು ಹಿಡಿಕೆಯ ಪಕ್ಕ ಮೂರು ಬೆರಳು,
ಸರಿಯುತ್ತ ಸರಿಯುತ್ತ ತುದಿಗೆ ಕಿರುಬೆರಳೂ ಇಲ್ಲ.
ನಾಲ್ಕನೆಯದರ ತುದಿಗಳನ್ನು
ಜಳಕದ ಹಂಡೆಯ ಹಬೆಗೆ ಹಿಡಿದು
ಚೇಳಿನ ಕೊಂಡಿಯಂತೆ ಹೊರಳಿಸಿದ್ದ.
ಬಂದವರೆಲ್ಲ ಮೊದಲು ಮುಟ್ಟಿದ್ದು ಅದನ್ನೇ.

ಹೆದೆ ನಮ್ಮ ಮನೆಯದು:
ಖಣದ ಹಾಸಿನಲ್ಲಿ ಉಳಿದ ಎಳೆ ಕೂಡಿಸಿ
ಅವ್ವ ತೊಡೆಯ ಮೇಲೆ ಹೊಸೆದು
ಜೇನುಮೇಣ ತಿಕ್ಕಿ ಕೊಟ್ಟಿದ್ದಳು.
ಬಾಣ ಒಂದೇ. ಪತ್ತಾರ ಮಾನಪ್ಪನ ತಕ್ಕಡಿಯಲ್ಲಿ
ಇಪ್ಪತ್ತೇಳು ಗ್ರಾಮು, ಗುಲಗಂಜಿಯಷ್ಟೂ ಹೆಚ್ಚಿಲ್ಲ.
"ಬಂಗಾರ ಏನಪಾ ಇದು?"
"ಅದಕ್ಕಿಂತ ತುಟ್ಟಿ" ಅಂದ ಕಾಳಪ್ಪ.

ತೊಲೆಗೆ ತೂಗುಹಾಕಿ, ಹೆದೆಗೆ ಕಲ್ಲು ಕಟ್ಟಿ,
ಇಪ್ಪತ್ತಾರು ಇಂಚಿಗೆ ಹದಿನೈದೇ ಕಿಲೋ ಬರುವತನಕ
ನಾಲ್ಕನ್ನೂ ಗಾಜಿನ ಚೂರಿನಿಂದ ಕೆರೆದ.
ಮೂರು ದಿನ.
ಈರುಳ್ಳಿಯ ಪೊರೆಯಂಥ ಹೊಟ್ಟು ಅವನ ಹುಬ್ಬಿನ ಮೇಲೆಲ್ಲ.

ಗುಡ್ಡದ ಕೆಳಗಿನ ಬಯಲು, ಗಾಳಿ ಏಳದ ನಸುಕು.
ಅವನು ಬಿಟ್ಟ, ನಾನು ಹೆಜ್ಜೆ ಎಣಿಸಿದೆ.
ಅಗಲದ್ದು ನೂರಾ ಹದಿನೆಂಟು.
ಸಪೂರದ್ದು ನೂರಾ ಇಪ್ಪತ್ತೊಂದು, ಮುಂಗೈಗೆ ಒದೆಯುತ್ತದೆ.
ಮೂರನೆಯದು ನೂರಾ ಮೂವತ್ತು.
ಕೊಂಡಿಯದು ನೂರಾ ನಲವತ್ತೆರಡು!
ನಾನು ಕೂಗಿದೆ. ಕಾಳಪ್ಪ ಕೂಗಲಿಲ್ಲ.
"ನೂರು ಸಲ ಎಳದು ಆಮ್ಯಾಲ ಹೇಳು."

ಎಳೆದೆವು, ಪಾಳಿಯ ಮೇಲೆ, ರಟ್ಟೆ ಸೋಲುವತನಕ.
ಹೆದೆ ಇಳಿಸಿ ನೆಲಕ್ಕೆ ಮಲಗಿಸಿದರೆ
ಸಪೂರದ್ದು ಮೂರು ಬೆರಳು ಬಾಗಿಯೇ ಉಳಿದಿತ್ತು,
ಕೈಗಡ ಕೊಟ್ಟವರ ಹಾಗೆ ಎಲ್ಲ ನೆನಪಿಟ್ಟುಕೊಂಡು.
ಕೊಂಡಿಯದರ ಒಂದು ತುದಿ ತಿರುಚಿತ್ತು:
ಈಗ ನೂರಾ ಇಪ್ಪತ್ತಾರು, ಅದೂ ಎಡಕ್ಕೆ ವಾಲಿ.
ಅಗಲದ್ದು ನೆಟ್ಟಗಿತ್ತು, ಆದರೆ
ತನ್ನ ತುದಿಯ ಭಾರವನ್ನೇ ಹೊತ್ತು ದಣಿಯುತ್ತಿತ್ತು.
"ತುದಿಯ ತೊಲ ಹಿಡಿಕಿಯ ಸೇರಿಗೆ ಸಮ ನೋಡು.
ಓಡೋದು ತುದಿ. ಹಿಡಿಕಿ ನಿಂತಲ್ಲೇ ನಿಂತಿರ್ತದ."
ಮೂರನೆಯದು ಅರ್ಧ ಬೆರಳು ಬಾಗಿ
ನೂರಾ ಇಪ್ಪತ್ತೊಂಬತ್ತು.
ಅವನು ಅದನ್ನೆತ್ತಿ ಕೆನ್ನೆಗೆ ಒತ್ತಿಕೊಂಡ.
"ಬಾಗಬೇಕು, ಬಾಗಿದ್ದು ಮರೀಬೇಕು."
ನಾನು ಆ ಅಂಕಿಯ ಸುತ್ತ ಗೆರೆ ಎಳೆದೆ.

ಸಂಜೆ ಶಾಲೆಯಿಂದ ಬಂದಳು ಸುನಂದಾ,
ಬಿಲ್ಲು ಬೇಡಿದ ಮೊಮ್ಮಗಳು, ಒಂಬತ್ತನೆಯ ಇಯತ್ತೆ.
ಪಾಟೀಚೀಲ ಇಳಿಸದೆಯೇ
ಬಿಲ್ಲನ್ನು ಬಲಗೈಯಲ್ಲಿ ಹಿಡಿದಳು.
ಬಾಣ ಕೂರಲು ಕೊರೆದ ಗಾಡಿ
ಆಚೆ ಮಗ್ಗುಲಿಗೆ ಹೋಯಿತು.
ಎಳೆದಳು. ಇಪ್ಪತ್ಮೂರಕ್ಕೆ ಮೊಣಕೈ ನಿಂತಿತು.
"ಅಜ್ಜಾ, ನನ್ನ ತೋಳು ಇಷ್ಟ ಅದ."

ನಾಲ್ಕನ್ನೂ ಎಳೆದದ್ದು ಕಾಳಪ್ಪನ ತೋಳು.
ಇಪ್ಪತ್ತಾರು ಇಂಚು ಕಾಳಪ್ಪನದು.
ಅವನು ಬಾಗಿಲನ್ನು ಬಹಳ ಹೊತ್ತು ನೋಡಿದ.
ತೊಯ್ದ ಅರಿವೆಯಿಂದ ಅಂಕಿಗಳನ್ನೆಲ್ಲ ಒರೆಸಿದ,
ಬಾಣದ ತೂಕವೊಂದನ್ನು ಬಿಟ್ಟು.
ಅಟ್ಟದ ಮೇಲೆ ಅದೇ ದಿಮ್ಮಿಯ ಇನ್ನೊಂದೇ ಸೀಳಿತ್ತು.

ನೂಲಿನ ತುದಿ ಅವಳ ಎದೆಯ ನಡುಗುಳಿಗೆ ಇಟ್ಟು
ಚಾಚಿದ ಬಲಗೈಯ ನಡುಬೆರಳಿನವರೆಗೆ ಎಳೆದ.
"ನೆಟ್ಟಗ ನಿಂದ್ರು. ಉಸುರು ಬಿಡು.
ನಗಬ್ಯಾಡ, ನಕ್ಕರ ಅರ್ಧ ಇಂಚು ಹೋಗ್ತದ."
ಅವಳು ನಕ್ಕಳು.
ಅವನು ಮತ್ತೆ ಮೊದಲಿಂದ ಅಳೆದ.