ಮೊದಲು ಓಗೊಟ್ಟವರು

ದಾಲನ್‌ಜದ್‌ಗದ್‌ನ ಶಾಲೆ. ರಾತ್ರಿ ಹತ್ತು.
ಕಿಟಕಿ ಗಾಜಿಗೆ ಗೋಬಿಯ ಮರಳು.
ಇಪ್ಪತ್ತಾರು ಹಳೆಯ ಕಂಪ್ಯೂಟರು, ಯಾವುದೋ ಬ್ಯಾಂಕು
ಒಳಗಿನದೆಲ್ಲ ಒರೆಸಿ ದಾನ ಕೊಟ್ಟದ್ದು.
ದುಲ್ಮಾ ಒಂದೊಂದರ ಗುಂಡಿ ಒತ್ತುತ್ತಾಳೆ.
ಎದ್ದೊಡನೆ ಅವು ತಂತಿಯೊಳಗೆ ಕೂಗುತ್ತವೆ:
ಯಾರಾದರೂ ಇದ್ದೀರಾ? ನಾನು ಯಾರು?

ಮೂಲೆಯ ಸರ್ವರ್‌ಗೆ
ನಾಲ್ಕು ಸಂಜೆ ಪಾಠ ಹೇಳಿದ್ದಾಳೆ:
ಕೇಳಿದವರಿಗೆ ವಿಳಾಸ ಕೊಡು,
ಯಾವ ಫೈಲು, ಎಲ್ಲಿದೆ, ಹೇಳು. ಆಮೇಲೆ
ಭಾಷೆ, ಗಡಿಯಾರ, ಡಿಸ್ಕಿನ ಪಾಲು,
ಯಾವ ಪ್ರಶ್ನೆಗೂ ಮನುಷ್ಯರನ್ನು ಎಬ್ಬಿಸಬೇಡ.

ಆದರೂ ಪರದೆ ಕಪ್ಪು. ಫೈಲ್ ಸಿಗಲಿಲ್ಲ. ಫೈಲ್ ಸಿಗಲಿಲ್ಲ.
ಗಂಟೆಗಟ್ಟಲೆ ಅಕ್ಷರಕ್ಷರ ತಡಕಿದಳು,
ತಪ್ಪಿಲ್ಲದ ಒಂದು ಓರೆಗೆರೆಯನ್ನು ಸುಮ್ಮನೆ ಬೈದಳು.

ಆಗ ಹೊಳೆಯಿತು: ಬೇರೆ ಯಾರೋ ಓಗೊಡುತ್ತಿದ್ದಾರೆ.

ಮುಖ್ಯೋಪಾಧ್ಯಾಯರ ಕೋಣೆ, ಕಪಾಟಿನ ಹಿಂದೆ
ಅಂಗೈಯಗಲದ ರೌಟರ್.
ಯಾರು ಕೂಗಿದರೂ ತಾನೇ ಮುಂದಾಗಿ
ಕಾಣದ ಊರಿಗೆ ದಾರಿ ಹೇಳುವ ಜಾತಿ.
ಸುಳ್ಳೇನಲ್ಲ, ಕೊಟ್ಟ ವಿಳಾಸ ನಿಜದ್ದೇ;
ಮುಂದೇನೆಂದು ಮಾತ್ರ ಅದಕ್ಕೆ ಗೊತ್ತಿಲ್ಲ.
ಕಿತ್ತಳು. ಹಸಿರು ಕಣ್ಣು ಆರಿತು.

ಲ್ಯಾಬಿನಲ್ಲಿ ಒಂದು ಚುಕ್ಕಿ. ಚುಕ್ಕಿಯ ಪಕ್ಕ ಚುಕ್ಕಿ.
ಇಪ್ಪತ್ತೈದು ಫ್ಯಾನುಗಳ ಉಸಿರು.
ಕಾವಲಿನ ಚಿಮೆದ್ ಉಪ್ಪು ಚಹಾ ತಂದು ಕೇಳಿದ:
ಈಗ ನೀನೇನು ಮಾಡಬೇಕು?
ಏನೂ ಇಲ್ಲ, ಎಂದಳು.
ಅದಕ್ಕೇ ನಾಲ್ಕು ಸಂಜೆ ಹಿಡಿದದ್ದು.

ಬಾಗಿಲ ಬಳಿಯದೊಂದು ಮಾತ್ರ
ಕೂಗುವುದನ್ನೇ ಮರೆತಿದೆ.
ಅದರ ಮುಂದೆ ಕುರ್ಚಿ ಎಳೆದುಕೊಂಡು,
ಗೀರು ಬಿದ್ದ ಸಿ.ಡಿ. ಹಾಕಿ,
ಭಾಷೆ ಯಾವುದು ಎಂಬಲ್ಲಿಂದ
ಒಂದೊಂದೇ ಉತ್ತರ ಕೊಡತೊಡಗಿದಳು.